ಹವಾಮಾನ ಬದಲಾವಣೆ ಬಗ್ಗೆ ಪಾಠ ಮಾಡುವುದನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮುಗಿದಿದೆ, ಲ್ಯಾಬಿಗಿಂತ ಪಾಠ ಮಾಡುವುದೇ ಇಷ್ಟ, ಅದರಲ್ಲೇ ಮುಂದುವರಿಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಮುಂದುವರಿಯಬಹುದು. ನಾನೂ ಅದೇ ಕೆಲಸದಲ್ಲಿದ್ದೇನೆ. ಆದರೆ ಇದು ಗಿಡ ನೆಡಿಸಿ ಪೋಸ್ಟರ್ ಬರೆಸುವ ಕೆಲಸ ಅಂದುಕೊಂಡು ಬರಬೇಡಿ. (ಜೂನ್ 5ರ ಪರಿಸರ ದಿನ ಹತ್ತಿರ ಬಂದಾಗ ಮಾತ್ರ ಎಲ್ಲರಿಗೂ ನಮ್ಮ ನೆನಪಾಗುತ್ತದೆ, ಅದು ಬೇರೆ ಮಾತು.)

ವಿದ್ಯಾರ್ಥಿಗಳ ತಲೆಯಲ್ಲಿ ಮೊದಲೇ ಏನು ಕೂತಿದೆ ಅಂತ ಪತ್ತೆ ಮಾಡುವುದೇ ಇಲ್ಲಿ ಅರ್ಧ ಕೆಲಸ. ಭೂಮಿ ಯಾಕೆ ಬಿಸಿಯಾಗುತ್ತಿದೆ ಅಂತ ಕೇಳಿ ನೋಡಿ. 'ಓಝೋನ್ ಪದರ ತೂತಾಗಿದೆ, ಬಿಸಿಲು ಜಾಸ್ತಿ ಒಳಗೆ ಬರ್ತಿದೆ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲವು ಸಲ ಶಿಕ್ಷಕರೂ ಹೇಳುತ್ತಾರೆ. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಸುಮ್ನೆ 'ತಪ್ಪು' ಅಂದರೆ ಪರೀಕ್ಷೆ ಮುಗಿಯುವವರೆಗೆ ನೆನಪಿಟ್ಟುಕೊಳ್ಳುತ್ತಾರೆ, ಆಮೇಲೆ ಮತ್ತೆ ಓಝೋನ್‌ಗೇ ಬರುತ್ತಾರೆ. ಅದಕ್ಕೆ ನಾನು ಇನ್ನೊಂದು ಪ್ರಶ್ನೆ ಹಾಕುತ್ತೇನೆ. ಬಿಸಿಲೇ ಕಾರಣವಾಗಿದ್ದರೆ ಹಗಲು ಜಾಸ್ತಿ ಬಿಸಿಯಾಗಬೇಕಿತ್ತು. 1950ರಿಂದ ಈಚೆಗೆ ನೆಲದ ಮೇಲೆ ಒಟ್ಟಾರೆ ರಾತ್ರಿಯ ಉಷ್ಣಾಂಶವೇ ಹೆಚ್ಚು ಏರಿದೆಯಲ್ಲ, ಯಾಕೆ? ಅಲ್ಲಿಂದ ಅವರವರಲ್ಲೇ ವಾದ ಶುರುವಾಗುತ್ತದೆ. ತೊಂದರೆ ಒಳಗೆ ಬರುವ ಬಿಸಿಲಿನದ್ದಲ್ಲ, ನೆಲದಿಂದ ಹೊರಗೆ ಹೋಗಬೇಕಾದ ಶಾಖವನ್ನು ಕಾರ್ಬನ್ ಡೈಆಕ್ಸೈಡ್ ತಡೆಯುತ್ತಿದೆ ಅನ್ನುವಲ್ಲಿಗೆ ನಿಧಾನವಾಗಿ ತಾವೇ ಬರುತ್ತಾರೆ.

ನನಗೆ ತುಂಬ ಇಷ್ಟದ ಪಾಠ ಕೀಲಿಂಗ್ ಗ್ರಾಫ್‌ನದ್ದು. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯಲ್ಲಿ ಸುಮಾರು 315 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 315) ಕಾರ್ಬನ್ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಗೆರೆ ಮೇಲೆ ಹೋಗುವುದು ಎಲ್ಲರಿಗೂ ಕಾಣುತ್ತದೆ. ಅದರ ಗರಗಸದ ಹಲ್ಲುಗಳನ್ನು ನಾವೇ ತೋರಿಸಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ ತುದಿ ಮುಟ್ಟಿ, ಸೆಪ್ಟೆಂಬರ್ ಹೊತ್ತಿಗೆ ಕೆಳಗಿಳಿಯುತ್ತದೆ. ಉತ್ತರ ಗೋಳಾರ್ಧದ ಗಿಡಮರಗಳು ಅಲ್ಲಿನ ಬೇಸಿಗೆಯಲ್ಲಿ (ಜೂನ್‌ನಿಂದ ಆಗಸ್ಟ್) ಹೀರಿಕೊಳ್ಳುತ್ತವೆ, ಎಲೆ ಉದುರಿ ಕೊಳೆತಾಗ ಬಹುಪಾಲು ವಾಪಸ್ ಬಿಡುತ್ತವೆ. 'ಗಿಡ ನೆಟ್ರೆ ಸಾಕಲ್ವಾ ಸರ್?' ಅನ್ನುವ ಪ್ರಶ್ನೆಗೂ ಇದೇ ಗ್ರಾಫ್ ತೋರಿಸುತ್ತೇನೆ. ಇಡೀ ಗೋಳಾರ್ಧದ ಹಸಿರು ಸೇರಿ ವರ್ಷಕ್ಕೊಮ್ಮೆ ಗೆರೆಯನ್ನು ಕೆಳಕ್ಕೆ ಎಳೆದರೂ ಕಲ್ಲಿದ್ದಲು, ಎಣ್ಣೆಯ ಹೊಗೆ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತಿದೆ.

'ಎಲ್ಲಾ ಮುಗಿದೇ ಹೋಯ್ತಾ?' ಅಂತ ಹೆದರುವವರೂ ಇರುತ್ತಾರೆ. ಬರೀ ಧೈರ್ಯದ ಮಾತು ಹೇಳಿದರೆ ನಂಬುವುದಿಲ್ಲ. ಓಝೋನ್ ಹಾಳು ಮಾಡುವ ರಾಸಾಯನಿಕಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಝೋನ್ ಪದರ ಹೇಗೆ ಚೇತರಿಸಿಕೊಳ್ಳುತ್ತಿದೆ ಅಂತ ಅಂಕಿಅಂಶ ಮುಂದಿಟ್ಟರೆ ಕಿವಿಗೊಡುತ್ತಾರೆ.

ಇನ್ನು ಕೆಲಸದ ವಿಷಯ. ವಿಜ್ಞಾನ ಅಥವಾ ಭೂಗೋಳದ ಶಿಕ್ಷಕರಾಗಿ ಸೇರಿ ಇತ್ತ ಬಂದವರೇ ಜಾಸ್ತಿ. ಪಠ್ಯ ಬರೆಯುವುದು, ಶಿಕ್ಷಕರಿಗೆ ತರಬೇತಿ, ವಿಜ್ಞಾನ ಕೇಂದ್ರಗಳು, ಇಷ್ಟು ದಾರಿ ಇವೆ. ಸಂಖ್ಯಾಶಾಸ್ತ್ರ ಮರೆತಿದ್ದರೆ ಮತ್ತೆ ಕಲಿಯಿರಿ, ದಿನಾ ಬೇಕಾಗುತ್ತದೆ. ಅನುದಾನದ ಪ್ರಾಜೆಕ್ಟ್ ಹುದ್ದೆಯಾದರೆ ದುಡ್ಡು ಎಷ್ಟು ವರ್ಷಕ್ಕೆ ಮಂಜೂರಾಗಿದೆ ಅಂತ ಸೇರುವ ಮುಂಚೆಯೇ ಕೇಳಿಕೊಳ್ಳಿ.