ಪ್ರತಿಕ್ರಿಯೆ: ಒಂದು ವಿಶ್ವವಿದ್ಯಾಲಯಕ್ಕೆ ಒಂದೇ ಅರ್ಜಿ ಎಂದಾಗ

ಪುಣೆಯಲ್ಲಿ ಸಂಶೋಧನೆ ಮುಗಿಸಿ ಅಮೆರಿಕದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಹೊರಟಿದ್ದೀರಿ, ಮೊದಲು ಅಭಿನಂದನೆ. ಅಲ್ಲಿನ ಪ್ಯೂ ದತ್ತಿಸಂಸ್ಥೆ ಜೀವವೈದ್ಯಕೀಯ ಸಂಶೋಧಕರಿಗೆ ಕೊಡುವ ಅನುದಾನಕ್ಕೆ ನೇರವಾಗಿ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಪ್ಯೂ ಬಯೋಮೆಡಿಕಲ್ ಸ್ಕಾಲರ್ಸ್ ಯೋಜನೆಗೆ ಆಹ್ವಾನಿತ ಸಂಸ್ಥೆಯೇ ಒಬ್ಬರನ್ನು ಆರಿಸಿ ಹೆಸರು ಕಳುಹಿಸಬೇಕು. ನಾಲ್ಕು ವರ್ಷಕ್ಕೆ 3 ಲಕ್ಷ ಡಾಲರ್ ಸಿಗುವ ಕಾರಣ ವಿಶ್ವವಿದ್ಯಾಲಯದೊಳಗೇ ಪೈಪೋಟಿ ಜೋರಾಗಿರುತ್ತದೆ.

ನೀವು ಕಣ್ಣಿಡಬೇಕಾದದ್ದು ಒಳಸುತ್ತಿನ, ಅಂದರೆ ವಿಶ್ವವಿದ್ಯಾಲಯವೇ ನಡೆಸುವ ಆಯ್ಕೆಯ, ಕೊನೆಯ ದಿನಾಂಕದ ಮೇಲೆ. ಅದು ಅನುದಾನ ಕೊಡುವವರ ದಿನಾಂಕಕ್ಕಿಂತ ಎಷ್ಟೋ ವಾರ ಮೊದಲೇ ಮುಗಿದುಹೋಗಿರುತ್ತದೆ. ನಾನು ಅಮೆರಿಕದಲ್ಲಿದ್ದಾಗ ಇದು ತಿಳಿಯದೆ ಒಂದಿಡೀ ವರ್ಷ ಕಳೆದುಕೊಂಡೆ, ಇಂದಿಗೂ ಹೊಟ್ಟೆ ಉರಿಯುತ್ತದೆ. ಸೇರಿದ ವಾರವೇ ಸಂಶೋಧನಾ ಕಚೇರಿಗೆ ಹೋಗಿ, ಸಂಸ್ಥೆಗೆ ಇಷ್ಟೇ ಅರ್ಜಿ ಎಂಬ ಮಿತಿಯಿರುವ ಇಂಥ ಅನುದಾನಗಳ ಪಟ್ಟಿಯನ್ನು ಕೇಳಿ ಪಡೆಯಿರಿ.

ಒಳಸುತ್ತಿನಲ್ಲಿ ಸಾಮಾನ್ಯವಾಗಿ ಒಂದೆರಡು ಪುಟದ ಸಾರಾಂಶ ಕೇಳುತ್ತಾರೆ. ಓದುವವರೆಲ್ಲ ನಿಮ್ಮ ವಿಷಯದವರೇ ಆಗಿರುವುದಿಲ್ಲ. ಮರುವರ್ಷ ನಾನು ನನ್ನ ಸಾರಾಂಶವನ್ನು ಪುಣೆಯ ಕೊತ್ರೂಡ್‌ನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಬ್ಯಾಂಕಿನ ಉದ್ಯೋಗಿ. ಮೂರನೆಯ ಸಾಲಿನ ‘ಫಾಸ್ಫೊರಿಲೇಷನ್’ ಬಂದಾಗ ತಡೆದು, “ಇದರಿಂದ ರೋಗಿಗೆ ಏನು ಉಪಯೋಗ?” ಎಂದಳು. ಅವಳಿಗೆ ಕೊಟ್ಟ ಉತ್ತರವನ್ನೇ ಮೊದಲ ಸಾಲಾಗಿ ಬರೆದೆ. ನೀವೂ ಹೀಗೆ ಯಾರಿಗಾದರೂ ಓದಿ ಹೇಳಿ, ತಪ್ಪಿಸಬೇಡಿ.

ಆಯ್ಕೆಯಾಗದಿದ್ದರೆ ಎದೆಗುಂದಬೇಡಿ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ ಸಂಶೋಧನಾ ಯೋಜನೆಗಳಿಗೆ ಕೊಡುವ ಆರ್‌01 ಅನುದಾನಕ್ಕೆ ಸಾಮಾನ್ಯವಾಗಿ ಸಂಸ್ಥೆಗೆ ಇಷ್ಟೇ ಅರ್ಜಿ ಎಂಬ ಮಿತಿ ಇಲ್ಲ. ಅಲ್ಲಿಗೂ ಇದೇ ಕರಡನ್ನು ಬೆಳೆಸಬಹುದು. ನಾನೀಗ ಪುಣೆಯ ಪಾಷಾಣ್ ಬಡಾವಣೆಯಲ್ಲೇ ಇದ್ದೇನೆ. ಹೊರಡುವ ಮುನ್ನ ಕರಡು ತನ್ನಿ, ಜೊತೆಯಲ್ಲಿ ಕುಳಿತು ಓದೋಣ.