ಪ್ರತಿಕ್ರಿಯೆ: ಕುರಿ ಮೇಯಿಸುವವರನ್ನೆಲ್ಲ ‘ಕುರುಬ’ ಅನ್ನಬಹುದಾ?

ನೀವು ಬರೆಯುತ್ತಿರುವುದು 1960ರ ದಶಕದ ಹಾವೇರಿ ಕಡೆಯ ಕಥೆ ಅಂದಿದ್ದೀರಿ. ಕುರಿ ಮೇಯಿಸುವವನಿಗೆ ‘ಕುರುಬ’, ಹೊಲದಲ್ಲಿ ದುಡಿಯುವವರಿಗೆಲ್ಲ ‘ರೈತ’ ಅಂತ ಬರೆದರೆ ಸಾಕಾ ಅನ್ನೋದು ನಿಮ್ಮ ಪ್ರಶ್ನೆ. ಸಾಲದು ಅನ್ನಿಸುತ್ತದೆ.

ಕುರುಬ ಅನ್ನೋದು ಜಾತಿಯ ಹೆಸರು. ಆ ಜಾತಿಯಲ್ಲಿ ಹೊಲ ಮಾಡುವವರಿದ್ದಾರೆ, ಮೇಷ್ಟ್ರುಗಳಿದ್ದಾರೆ. ಕೆಲಸದ ಹೆಸರು ಬೇಕಿದ್ದರೆ ‘ಕುರಿಗಾಹಿ’ ಬರೆಯಿರಿ. ಮಾತಿನಲ್ಲಿ ‘ಕುರಿ ಕಾಯೋನು’ ಅಂದರೇ ಚೆಂದ. ದನಕ್ಕಾದರೆ ದನ ಕಾಯೋನು. (ಇದನ್ನೇ ಬೈಗುಳವಾಗಿಯೂ ಬಳಸುತ್ತಾರೆ, ಸಂಭಾಷಣೆಯಲ್ಲಿ ಸ್ವಲ್ಪ ನೋಡಿಕೊಂಡು ಹಾಕಿ.)

‘ರೈತ’ದಲ್ಲಿ ತೊಡಕು ಜಾಸ್ತಿ. ಆ ಕಾಲದಲ್ಲಿ ಉಳುವವನೇ ಹೊಲದ ಮಾಲೀಕ ಆಗಿರಬೇಕಿರಲಿಲ್ಲ. ಗೇಣಿ ಕೊಟ್ಟು ಮಾಡುವವನು ಗೇಣಿದಾರ. ಬೆಳೆಯಲ್ಲಿ ಪಾಲು ಕೊಡುವವನಾದರೆ ‘ಕೋರಿಗೆ (ಪಾಲಿಗೆ) ಮಾಡಿದ್ದಾನೆ’ ಅನ್ನುತ್ತಾರೆ. ವರ್ಷದ ಕರಾರಿಗೆ ಇರುವವನು ಸಂಬಳದಾಳು, ಸಾಲಕ್ಕೆ ಸಿಕ್ಕಿಬಿದ್ದವನು ಜೀತದಾಳು. ದಿನಕ್ಕೆ ಬರುವವರು ಕೂಲಿಯವರು. ಉಳುವವನಿಗೇ ಹೊಲ ಅನ್ನುವ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿದಾರರು ನಮೂನೆ 7 ಅನ್ನೋ ಅರ್ಜಿ ಹಾಕಿ ತಾವು ಉಳುತ್ತಿದ್ದ ಹೊಲ ಕೇಳಿದ್ದು ಆಮೇಲೆ. ಹಾಗಾಗಿ ನಿಮ್ಮ ಕಥೆಯಲ್ಲಿ ಯಾರು ರೈತ, ಯಾರು ಗೇಣಿದಾರ ಅನ್ನೋದು ಮುಖ್ಯವಾಗುತ್ತದೆ ಅಲ್ವಾ?

ಕುರಿ ಕಾಯೋನು, ಹೊಲದವನು ಇಬ್ಬರನ್ನೂ ಒಂದೇ ದೃಶ್ಯದಲ್ಲಿ ತರಬೇಕಾದರೆ ಸುಗ್ಗಿ ಮುಗಿದ ಮೇಲಿನ ಹೊಲ ಆರಿಸಿಕೊಳ್ಳಿ. ಗೊಬ್ಬರಕ್ಕೆ ಅಂತ ಹೊಲದವರು ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗಿ ಹಿಕ್ಕೆ, ಉಚ್ಚೆ ಹೊಲಕ್ಕೆ ಬೀಳುತ್ತದೆ. ಅದಕ್ಕೆ ಕುರಿಯವರಿಗೆ ಕಾಳೋ ದುಡ್ಡೋ ಕೊಡಬೇಕು. ಎಷ್ಟು ರಾತ್ರಿ, ಎಷ್ಟು ಜೋಳ ಅನ್ನೋ ಚೌಕಾಸಿಯಲ್ಲೇ ಇಬ್ಬರ ಮಾತಿನ ವರಸೆಯೂ ನಿಮಗೆ ಸಿಗುತ್ತದೆ.