ಕೃಷಿಮೇಳಕ್ಕೆ ಬರುವವರಿಗೆ: ಬೆಂಗಳೂರಲ್ಲಿ ಕಡಿಮೆ ಖರ್ಚಿನ ರೂಮು ಎಲ್ಲಿ, ಹೇಗೆ ನೋಡಬೇಕು

ಸಾಗರದಿಂದ ಕೇಳಿರುವ ಅಣ್ಣನವರೇ, ನಿಮ್ಮ ಪ್ರಶ್ನೆ ಈಗ ನೋಡಿದೆ. ನೀವು, ನಿಮ್ಮ ಮನೆಯವರು, ಅಮ್ಮ, ತಮ್ಮ, ಒಟ್ಟು ನಾಲ್ಕು ಜನ. ಗುರುವಾರ ರಾತ್ರಿ ಬಸ್ಸು ಹತ್ತಿ ಶುಕ್ರವಾರ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಯುತ್ತೀರಿ, ಜಿಕೆವಿಕೆಯಲ್ಲಿ, ಅಂದರೆ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ, ಕೃಷಿಮೇಳ ನೋಡುತ್ತೀರಿ, ಭಾನುವಾರ ರಾತ್ರಿ ವಾಪಸ್. ಅಮ್ಮನಿಗೆ ಮಂಡಿನೋವು. ನಿಮ್ಮ ಪ್ರಶ್ನೆಗೆ ಮೇಲೆ ಉತ್ತರ ಕೊಟ್ಟ ಒಬ್ಬರು ‘ಆ್ಯಪ್‌ನಲ್ಲಿ ಯಾವುದು ಕಡಿಮೆಯೋ ಅದನ್ನೇ ಬುಕ್ ಮಾಡಿ’ ಅಂದಿದ್ದಾರೆ, ಇನ್ನೊಬ್ಬರು ‘ಮೆಜೆಸ್ಟಿಕ್ ಕಡೆ ತಲೆ ಹಾಕಬೇಡಿ’ ಅಂದಿದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಊರಿಂದ ಬರುವ ನೆಂಟರಿಷ್ಟರಿಗೆ ರೂಮು ನೋಡಿಕೊಡುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಉದ್ದವಾದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ಬಾಡಿಗೆಯನ್ನು ಕೊನೆಯಲ್ಲಿ ನೋಡಿ. ಬಸ್ಸು ನಿಮ್ಮನ್ನು ಎಲ್ಲಿ, ಎಷ್ಟು ಹೊತ್ತಿಗೆ ಇಳಿಸುತ್ತದೆ, ದಿನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲು. ಈ ಎರಡು ಜಾಗದ ನಡುವಿನ ದಾರಿಯಲ್ಲೇ ರೂಮು ಸಿಕ್ಕಿದರೆ ಬಾಡಿಗೆ ಇನ್ನೂರು ಮುನ್ನೂರು ಹೆಚ್ಚಾದರೂ ಒಟ್ಟು ಖರ್ಚು ಇಳಿಯುತ್ತದೆ. ಇಲ್ಲಿ ಹೊಟ್ಟೆಗಿಂತ ಓಡಾಟಕ್ಕೇ ದುಡ್ಡು ಜಾಸ್ತಿ ಬೇಕು.

ಲೆಕ್ಕ ಹಾಕಿಯೇ ನೋಡಿ. ಆಗಸ್ಟ್ 2025ರಿಂದ ಆಟೋ ಮೀಟರಿನಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ರೂಮಿನಿಂದ ಜಿಕೆವಿಕೆ 15 ಕಿ.ಮೀ. ಇದ್ದರೆ ಒಂದು ಕಡೆಗೇ 270 ರೂಪಾಯಿ. ಆಟೋದಲ್ಲಿ ಮೂರೇ ಜನ ಕೂರಬೇಕು, ನೀವು ನಾಲ್ಕು ಜನ, ಅಂದರೆ ಎರಡು ಆಟೋ, 540. ಹೋಗಿ ಬರಲು ಸಾವಿರ ದಾಟಿತು. ಆ್ಯಪ್‌ನಲ್ಲಿ ಕಡಿಮೆ ಬಾಡಿಗೆ ಅಂತ ಕಾಣುವ ರೂಮು ಎಷ್ಟೋ ಸಲ ಎಲೆಕ್ಟ್ರಾನಿಕ್ ಸಿಟಿ ಕಡೆಯೋ ವೈಟ್‌ಫೀಲ್ಡ್ ಕಡೆಯೋ ಇರುತ್ತದೆ. ಮ್ಯಾಪ್‌ನಲ್ಲಿ ಎಲ್ಲವೂ ‘ಬೆಂಗಳೂರು’ ಅಂತಲೇ ಇರುವುದರಿಂದ ಹೊರಗಿನವರಿಗೆ ಅದು ಗೊತ್ತಾಗುವುದಿಲ್ಲ. ಅಲ್ಲಿಂದ ಜಿಕೆವಿಕೆಗೆ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ.

ಜಿಕೆವಿಕೆ ಇರುವುದು ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ದಾರಿಯಲ್ಲಿ. ಅಲ್ಲಿಗೆ ಮೆಟ್ರೋ ಇನ್ನೂ ಇಲ್ಲ, ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗದ ಕೆಲಸ ನಡೆಯುತ್ತಿದೆ. ಬಸ್ಸೇ ಗತಿ, ಆದರೆ ಬಸ್ಸು ಚೆನ್ನಾಗಿವೆ. ಮೆಜೆಸ್ಟಿಕ್‌ನಿಂದ ಮೇಖ್ರಿ ಸರ್ಕಲ್, ಹೆಬ್ಬಾಳದ ಮೇಲೆ ಯಲಹಂಕಕ್ಕೆ ಹೋಗುವ ಬಿಎಂಟಿಸಿ ಬಸ್ಸುಗಳು ಜಿಕೆವಿಕೆ ಮುಂದೆಯೇ ಹೋಗುತ್ತವೆ. ಇನ್ನೊಂದು ದಾರಿ ತುಮಕೂರು ರಸ್ತೆಯಲ್ಲಿ ಯಶವಂತಪುರದ ಹತ್ತಿರವಿರುವ ಗೊರಗುಂಟೆಪಾಳ್ಯದ್ದು. ಅಲ್ಲಿಂದ ಬಿಇಎಲ್ ಸರ್ಕಲ್ ಮೇಲೆ ರಿಂಗ್ ರೋಡ್ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಬಂದು, ಅಲ್ಲಿ ಯಲಹಂಕದ ಬಸ್ಸು ಹತ್ತಬಹುದು.

ನಿಮಗೆ ನಾನು ಮೊದಲು ಹೇಳುವುದು ಯಶವಂತಪುರ. ಸಾಗರ, ಶಿವಮೊಗ್ಗದ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಊರೊಳಗೆ ಬರುವುದು, ಮೆಜೆಸ್ಟಿಕ್‌ಗಿಂತ ಮುಂಚೆಯೇ ಇಳಿಯಬಹುದು. ರೈಲ್ವೆ ಸ್ಟೇಷನ್ನು, ಎಪಿಎಂಸಿ ಯಾರ್ಡು ಎರಡೂ ಇರುವುದರಿಂದ ಲಾಡ್ಜುಗಳಿಗೆ ಕೊರತೆ ಇಲ್ಲ. ಹಸಿರು ಮಾರ್ಗದ ಮೆಟ್ರೋ ಇದೆ. ಮೇಳ ಮುಗಿಸಿ ಭಾನುವಾರ ಅಮ್ಮನಿಗೆ ಲಾಲ್‌ಬಾಗ್ ತೋರಿಸಬೇಕು ಅಂದರೆ ಅದೇ ಗಾಡಿಯಲ್ಲಿ ಕೂತು ಲಾಲ್‌ಬಾಗ್ ಸ್ಟೇಷನ್ನಿನಲ್ಲೇ ಇಳಿಯಬಹುದು, ಗಾಡಿ ಬದಲಿಸುವ ಗೋಜಿಲ್ಲ.

ಅಮ್ಮನ ಮಂಡಿನೋವು ಜಾಸ್ತಿ ಇದ್ದರೆ ಮಾತ್ರ ಸಹಕಾರನಗರ, ಕೊಡಿಗೇಹಳ್ಳಿ, ಬ್ಯಾಟರಾಯನಪುರದ ಕಡೆ ನೋಡಿ. ಮೇಳಕ್ಕೆ ತೀರಾ ಹತ್ತಿರ, ಮಧ್ಯಾಹ್ನ ಅಮ್ಮ ಬಂದು ಮಲಗಬಹುದು. ಆದರೆ ಹೆಬ್ಬಾಳದ ಸುತ್ತಮುತ್ತ ವಿಮಾನಕ್ಕೆ ಹೋಗುವವರ ಲೆಕ್ಕದಲ್ಲಿ ದರ ಇಟ್ಟಿರುತ್ತಾರೆ, ಮೇಳದ ವಾರಾಂತ್ಯದಲ್ಲಿ ಬೇಗ ತುಂಬುತ್ತವೆ. ಹಾಗಾಗಿ ಈ ವಾರವೇ ಫೋನ್ ಮಾಡಿ.

ಮೆಜೆಸ್ಟಿಕ್ ಬಗ್ಗೆ ಹೆದರಿಸಿದವರಿಗೂ ಒಂದು ಮಾತು. ಸುಬೇದಾರ್ ಛತ್ರಂ ರಸ್ತೆ, ಆನಂದರಾವ್ ಸರ್ಕಲ್, ಗಾಂಧಿನಗರದಲ್ಲಿ ಸಂಸಾರಸ್ಥರು ಧಾರಾಳವಾಗಿ ಉಳಿದುಕೊಳ್ಳುವ ಹಳೇ ಲಾಡ್ಜುಗಳು ಬೇಕಾದಷ್ಟಿವೆ. ಕೆಟ್ಟವೂ ಇವೆ, ಇಲ್ಲ ಅನ್ನುವುದಿಲ್ಲ. ಗುರುತು ಹಿಡಿಯುವುದು ಕಷ್ಟವೇನಲ್ಲ. ರಿಸೆಪ್ಷನ್ನಿನಲ್ಲಿ ಹತ್ತು ನಿಮಿಷ ನಿಲ್ಲಿ. ಮಕ್ಕಳು ಮರಿ, ವಯಸ್ಸಾದವರು ಓಡಾಡುತ್ತಿದ್ದರೆ, ರಿಜಿಸ್ಟರಿನಲ್ಲಿ ಎಲ್ಲರ ಹೆಸರು ಬರೆಸಿಕೊಂಡು ಗುರುತಿನ ಚೀಟಿ ಕೇಳಿದರೆ ಅದು ಒಳ್ಳೆಯ ಲಕ್ಷಣ. ಗುರುತಿನ ಚೀಟಿಯೇ ಬೇಡ, ಕ್ಯಾಶ್ ಕೊಡಿ ಸಾಕು ಅಂದರೆ ಹೊರಟುಬಿಡಿ. ಬಸ್ ಇಳಿದ ಕೂಡಲೇ ‘ಸಾರ್, ರೂಮ್ ಬೇಕಾ’ ಅಂತ ಹಿಂದೆ ಬೀಳುವವರ ಜೊತೆ, ‘ಆ ಲಾಡ್ಜ್ ಫುಲ್ ಆಗಿದೆ, ಬೇರೆ ಕಡೆ ಬಿಡ್ತೀನಿ’ ಅನ್ನುವ ಆಟೋದವರ ಜೊತೆ ಹೋಗಬೇಡಿ. ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ.

ಇನ್ನು ಚೆಕ್‌ಔಟ್. ಬಹಳ ಜನ ಕೇಳುವುದೇ ಇಲ್ಲ, ರಾತ್ರಿ ಬಸ್ಸಿನವರಿಗೆ ಇದೇ ಮುಖ್ಯ. ಕೆಲವು ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ, ಬೆಳಿಗ್ಗೆ 6ಕ್ಕೆ ಹೊಕ್ಕರೆ ಮರುದಿನ 6ರವರೆಗೆ ಒಂದು ಬಾಡಿಗೆ. ಕೆಲವು ಕಡೆ, ಅದರಲ್ಲೂ ಆ್ಯಪ್‌ನಲ್ಲಿ ಬುಕ್ ಆಗುವ ಕಡೆ, ಮಧ್ಯಾಹ್ನ 12ಕ್ಕೆ ದಿನ ಶುರು. ಅಲ್ಲಿ ಶುಕ್ರವಾರ ಬೆಳಿಗ್ಗೆ 6ಕ್ಕೆ ಒಳಗೆ ಬಿಡಬೇಕಾದರೆ ಗುರುವಾರದ ಬಾಡಿಗೆಯನ್ನೂ ಕೇಳುತ್ತಾರೆ, ಇಲ್ಲವೇ ಮಧ್ಯಾಹ್ನದವರೆಗೆ ಸೋಫಾದ ಮೇಲೆ ಕೂರಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ 24 ಗಂಟೆಯ ಲಾಡ್ಜಿನಲ್ಲಿ ಎರಡು ಬಾಡಿಗೆ, ಮಧ್ಯಾಹ್ನ 12ಕ್ಕೆ ದಿನ ಶುರುವಾಗುವ ಲಾಡ್ಜಿನಲ್ಲಿ ಮೂರು. ಬಾಡಿಗೆ ಕೇಳುವ ಮೊದಲು ಇದನ್ನು ಕೇಳಿ.

ರೈಲಿನಲ್ಲಿ ಬರುವ ಮನಸ್ಸಿದ್ದರೆ ರೈಲ್ವೆಯ ರಿಟೈರಿಂಗ್ ರೂಮು, ಅಂದರೆ ಸ್ಟೇಷನ್ನಿನಲ್ಲೇ ಪ್ರಯಾಣಿಕರಿಗೆ ಬಾಡಿಗೆಗೆ ಕೊಡುವ ರೂಮು, ಒಳ್ಳೆಯದು. ತಾಳಗುಪ್ಪದ ರಾತ್ರಿ ರೈಲಿನ ಟಿಕೆಟ್ ಕನ್ಫರ್ಮ್ ಆಗಿದ್ದರೆ ಅದರ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ಒಂದು ದಿನಕ್ಕೆ ಸಾಕು, ಇಡೀ ಮೇಳಕ್ಕೆ ಅದನ್ನೇ ನೆಚ್ಚಿಕೊಳ್ಳಬೇಡಿ. ಮೆಜೆಸ್ಟಿಕ್‌ನ ರೈಲ್ವೆ ಸ್ಟೇಷನ್ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರವೂ ಇದೆ. 1903ರಲ್ಲಿ ಒಬ್ಬ ವರ್ತಕರು ತಮ್ಮ ಸಂಪಾದನೆಯಲ್ಲಿ ದಾರಿಹೋಕರಿಗಾಗಿ ಕಟ್ಟಿಸಿದ್ದು. ಅಂಥವರ ಕಾರಣಕ್ಕೆ ಈ ಊರಿನ ಬಗ್ಗೆ ನನಗೆ ಗೌರವ. ಛತ್ರ, ಮಠ, ಸಮುದಾಯ ಭವನಗಳಲ್ಲಿ ಜಾಗ ಬೇಕಿದ್ದರೆ ಮೊದಲೇ ಫೋನ್ ಮಾಡಿ, ಅವರ ನಿಯಮ ಏನು ಅಂತ ಕೇಳಿಕೊಂಡೇ ಬನ್ನಿ.

ಫೋನಿನಲ್ಲಿ ಕೇಳಬೇಕಾದದ್ದು ಹೀಗೆ: ನಾಲ್ಕು ಜನಕ್ಕೆ ಫ್ಯಾಮಿಲಿ ರೂಮು ಇದೆಯಾ, ಅಥವಾ ಡಬಲ್ ರೂಮಿಗೆ ಎಕ್ಸ್‌ಟ್ರಾ ಬೆಡ್ ಹಾಕಿದರೆ ಎಷ್ಟು? ಲಿಫ್ಟ್ ಇದೆಯಾ, ಇಲ್ಲದಿದ್ದರೆ ಗ್ರೌಂಡ್ ಫ್ಲೋರ್ ಸಿಗುತ್ತಾ? ವೆಸ್ಟರ್ನ್ ಕಮೋಡ್ ಇದೆಯಾ? ಅಮ್ಮನಿಗೆ ಇದು ಬೇಕೇ ಬೇಕು, ಹಳೇ ಲಾಡ್ಜುಗಳಲ್ಲಿ ಎಲ್ಲ ರೂಮಿಗೂ ಇರುವುದಿಲ್ಲ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ಬೆಳಿಗ್ಗೆ ಮಾತ್ರ ಬಿಡುವವರೇ ಹೆಚ್ಚು. ಹೇಳಿದ ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯಾ? ಸೆಪ್ಟೆಂಬರ್ 22, 2025ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಮಾತ್ರ. ಹಳೇ ಶೇ 12 ಹಾಕಿದ್ದರೆ ಬಿಲ್ ತಿದ್ದಿಸಿಕೊಳ್ಳಿ. ಮುಂಗಡ ಕೇಳಿದರೆ, ಆ ನಂಬರು ಲಾಡ್ಜಿನದೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳದೆ ಕ್ಯೂಆರ್ ಕೋಡಿಗೆ ದುಡ್ಡು ಹಾಕಬೇಡಿ. ಲಾಡ್ಜಿನ ಹೆಸರಲ್ಲಿ ಸುಳ್ಳು ನಂಬರು ಹಾಕಿ ಮೋಸ ಮಾಡುವವರಿದ್ದಾರೆ. ನಾಲ್ವರೂ ಆಧಾರ್ ತನ್ನಿ. ಜೆರಾಕ್ಸ್ ಕೊಡಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು, ಆಧಾರ್ ಕೊಡುವ ಯುಐಡಿಎಐನ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಆ್ಯಪ್ ಬೇಡ ಅನ್ನುತ್ತಿಲ್ಲ, ಹುಡುಕಲು ಬಳಸಿ. ರಿವ್ಯೂಗಳನ್ನು ಹೊಸದರಿಂದ ಓದಿ. ಲಾಡ್ಜಿನವರು ಹಾಕಿದ ಫೋಟೊ ಬಿಟ್ಟು ಉಳಿದುಕೊಂಡವರು ಹಾಕಿದ ಫೋಟೊ ನೋಡಿ. ಆಮೇಲೆ ನೇರವಾಗಿ ಲಾಡ್ಜಿಗೆ ಫೋನ್ ಮಾಡಿ ದರ ಕೇಳಿ.

ದುಡ್ಡು ಕಟ್ಟುವ ಮುನ್ನ ರೂಮು ನೋಡಲೇಬೇಕು. ಯಾವ ಒಳ್ಳೆಯ ಲಾಡ್ಜೂ ಬೇಡ ಅನ್ನುವುದಿಲ್ಲ. ಕಿಟಕಿ ಇರಬೇಕು, ಅದು ತೆರೆಯಬೇಕು. ಹಗಲಿಗೂ ಲೈಟು ಬೇಕಾಗುವ ಒಳರೂಮು ಕೊಟ್ಟರೆ ಬೇರೆ ಕೇಳಿ. ಮೆಟ್ಟಿಲ ಮೇಲೆ ಸಾಮಾನು ತುಂಬಿಟ್ಟಿದ್ದರೆ, ಬೆಂಕಿ ಬಿದ್ದಾಗ ಇಳಿಯಲು ದಾರಿಯೇ ಕಾಣದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಒಳಗಿನ ಚಿಲಕ ಗಟ್ಟಿ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ ನೋಡಿ.

ಆಮೇಲೆ ತಿಗಣೆ. ಗಿಡದ ಎಲೆ ತಿರುಗಿಸಿ ಹುಳ ಹುಡುಕುವವರು ನಾವು, ಹಾಸಿಗೆಯನ್ನೂ ಹಾಗೆಯೇ ನೋಡಬೇಕು. ಬೆಡ್‌ಶೀಟ್ ಎತ್ತಿ ಹಾಸಿಗೆಯ ಮೂಲೆಯ ಹೊಲಿಗೆಯ ಸಂದನ್ನು ಬೆರಳಲ್ಲಿ ಅಗಲಿಸಿ ನೋಡಿ. ಮಸಿ ಚುಕ್ಕಿ ಇಟ್ಟ ಹಾಗೆ ಕಪ್ಪು ಕಲೆಗಳಿದ್ದರೆ ಅದು ಅವುಗಳ ಹಿಕ್ಕೆ. ಮಂಚದ ತಲೆಯ ಕಡೆಯ ಹಲಗೆ, ಪ್ಲೈವುಡ್ ಸಂದುಗಳಿಗೆ ಮೊಬೈಲ್ ಟಾರ್ಚ್ ಬಿಡಿ. ಹಗಲು ಅಲ್ಲೇ ಅಡಗಿದ್ದು ರಾತ್ರಿ ಹೊರಬರುತ್ತವೆ. ನೋಡಿ ಮುಗಿಯುವವರೆಗೆ ಬ್ಯಾಗನ್ನು ಹಾಸಿಗೆ ಮೇಲೆ ಇಡಬೇಡಿ, ಬಚ್ಚಲಲ್ಲಿ ಒಣ ಜಾಗದಲ್ಲಿ ಇಡಿ. ಒಂದು ಗುರುತು ಕಂಡರೂ ಲಾಡ್ಜನ್ನೇ ಬದಲಿಸಿ, ಪಕ್ಕದ ರೂಮು ಬೇಡ, ಗೋಡೆಯ ಸಂದಿನಿಂದ ಅಲ್ಲಿಗೂ ಹೋಗಿರುತ್ತವೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ ಅದು, ಬ್ಯಾಗಿನಲ್ಲಿ ಮನೆಗೆ ಬಂದರೆ ಓಡಿಸುವುದು ಬಹಳ ಕಷ್ಟ. ಅನುಮಾನ ಬಂದರೆ ಊರಿಗೆ ಹೋದಮೇಲೆ ಬಟ್ಟೆಗಳನ್ನು ಮನೆಯೊಳಗೆ ಒಯ್ಯುವ ಮೊದಲೇ ಕುದಿ ಬಂದ ನೀರಲ್ಲಿ ನೆನೆಸಿ.

ಓಡಾಟಕ್ಕೆ: ನಿಮ್ಮ ಮನೆಯವರಿಗೂ ಅಮ್ಮನಿಗೂ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳು ಉಚಿತ, ಆಧಾರ್ ತೋರಿಸಿದರೆ ಸಾಕು. ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ. ನೀವು, ತಮ್ಮ ದಿನದ ಪಾಸ್ ತಗೊಳ್ಳಿ, 80 ರೂಪಾಯಿ. ಆಟೋ ಲೆಕ್ಕಕ್ಕೆ ಇದನ್ನು ಹೋಲಿಸಿ ನೋಡಿ. ಬೆಳಿಗ್ಗೆ ಎಂಟಕ್ಕೆ ಮೊದಲು ಹೊರಡಿ, ತಡವಾದರೆ ಹೆಬ್ಬಾಳದಲ್ಲಿ ಗಾಡಿಗಳು ನಿಂತುಬಿಡುತ್ತವೆ. ಜಿಕೆವಿಕೆ ಕ್ಯಾಂಪಸ್ ಬಹಳ ದೊಡ್ಡದು, ಗೇಟಿನಿಂದ ಒಳಗೆ ಅಮ್ಮನನ್ನು ನಡೆಸಬೇಡಿ, ಒಳಗೆ ಹೋಗುವ ವಾಹನ ಎಲ್ಲಿ ಹತ್ತಬೇಕು ಅಂತ ಗೇಟಿನಲ್ಲೇ ಕೇಳಿ. ಶನಿವಾರ, ಭಾನುವಾರ ಜನ ಕಿಕ್ಕಿರಿಯುತ್ತಾರೆ, ಆದ್ದರಿಂದ ತಳಿ, ಯಂತ್ರ ಕೇಳಿ ತಿಳಿಯುವ ಕೆಲಸವನ್ನು ಶುಕ್ರವಾರವೇ ಮುಗಿಸಿ.

ಭಾನುವಾರ ಬೆಳಿಗ್ಗೆ ರೂಮು ಬಿಟ್ಟಮೇಲೆ ರಾತ್ರಿಯವರೆಗೆ ಬ್ಯಾಗು ಎಲ್ಲಿಡುವುದು ಅಂತ ಚಿಂತೆ ಬೇಡ. ಹೆಚ್ಚಿನ ಲಾಡ್ಜುಗಳವರು ರಿಸೆಪ್ಷನ್ನಿನಲ್ಲಿ ಇಟ್ಟುಕೊಳ್ಳುತ್ತಾರೆ, ಹೊಕ್ಕ ದಿನವೇ ಮಾತಾಡಿಕೊಳ್ಳಿ. ವಾಪಸ್ ಟಿಕೆಟ್ ಬುಕ್ ಮಾಡುವಾಗ ಹತ್ತುವ ಜಾಗ ಮೆಜೆಸ್ಟಿಕ್ ಅಂತ ಹಾಕಬೇಡಿ, ಯಶವಂತಪುರ ಅಥವಾ ಗೊರಗುಂಟೆಪಾಳ್ಯ ಹಾಕಿ. ಮೇಳದಲ್ಲಿ ಸಸಿಗಳನ್ನು ಕೊಂಡಿದ್ದರೆ ಬಸ್ಸಿನವರಿಗೆ ಮೊದಲೇ ಹೇಳಿ, ಡಿಕ್ಕಿಯಲ್ಲಿ ನೇರವಾಗಿ ನಿಲ್ಲಿಸಲು ರಟ್ಟಿನ ಡಬ್ಬವೊಂದನ್ನು ಲಾಡ್ಜಿನ ಪಕ್ಕದ ಅಂಗಡಿಯಲ್ಲೇ ಕೇಳಿ ಇಟ್ಟುಕೊಳ್ಳಿ.